ಕಲ್ಲಂಗಡಿಯ ಆಟ ಮತ್ತು ತೃಪ್ತಿಯ ಪ್ರಶ್ನೆ

ಯಾರಿಗೂ ನೋವನ್ನುಂಟುಮಾಡದ, ಯಾರ ಸ್ವತ್ತನ್ನೂ ಅಪಹರಿಸದ, ಅಸತ್ಯವನ್ನು ನುಡಿಸದ ಒಂದು ಸಣ್ಣ ಸುಖಕ್ಕೆ ಮನುಷ್ಯನು ಮಿತಿಯನ್ನು ಹಾಕಿಕೊಳ್ಳಬೇಕೆ? ಹಿಂಸೆ, ಅಸತ್ಯ, ಚೌರ್ಯಗಳ ವಿಷಯದಲ್ಲಿ ವ್ರತದ ಅಗತ್ಯವು ಸ್ವಯಂಸಿದ್ಧವಾದುದು. ನಿರಪಾಯವೆಂದು ತೋರುವ ವಿನೋದದ ವಿಷಯದಲ್ಲಿ ಪ್ರಶ್ನೆಯು ಅಷ್ಟು ಸುಲಭವಲ್ಲ. ಇತ್ತೀಚಿನ ವರ್ಷಗಳಲ್ಲಿ ಅನೇಕರ ಕೈಸೇರಿದ ಒಂದು ಆಟವನ್ನು ಮುಂದಿಟ್ಟುಕೊಂಡು ಅದನ್ನು ವಿಚಾರಿಸಬಹುದು.

ಆ ಆಟದ ಹೆಸರು ‘ಸುಯಿಕಾ ಗೇಮ್’. ಸುಯಿಕಾ ಎಂದರೆ ಜಪಾನೀ ಭಾಷೆಯಲ್ಲಿ ಕಲ್ಲಂಗಡಿ. ಅಲಾದ್ದೀನ್ ಎಕ್ಸ್ ಎಂಬ ಜಪಾನಿನ ಸಂಸ್ಥೆಯು ಇದನ್ನು ಮೊದಲು ತನ್ನ ಮನೆಬಳಕೆಯ ಪ್ರೊಜೆಕ್ಟರಿಗಾಗಿ ಸಿದ್ಧಪಡಿಸಿತು. 2021ರ ಡಿಸೆಂಬರಿನಲ್ಲಿ, ಕೈಯಲ್ಲಿ ಹಿಡಿದು ಆಡಬಹುದಾದ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಅದು 240 ಯೆನ್ ಬೆಲೆಯಲ್ಲಿ ಬಂದಿತು. ಸುಮಾರು ಎರಡು ವರ್ಷ ಹೆಚ್ಚು ಮಂದಿಯ ಗಮನಕ್ಕೆ ಬಾರದಿದ್ದ ಆಟವು, ಇತರರು ಆಡುವುದನ್ನು ಅಂತರಜಾಲದಲ್ಲಿ ಕಂಡವರ ಮೂಲಕ 2023ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಹಬ್ಬಿತು. ಮರುತಿಂಗಳು ಹೊರದೇಶಗಳಲ್ಲಿಯೂ ದೊರೆಯಿತು.

ಆಟದ ಕ್ರಮ ಬಹು ಸರಳ. ತೆರೆಯ ಮೇಲೆ ಒಂದು ಪೆಟ್ಟಿಗೆ. ಮೇಲಿನಿಂದ ಒಂದೊಂದೇ ಹಣ್ಣನ್ನು ಆಟಗಾರನು ಬೀಳಿಸಬೇಕು. ಒಂದೇ ಜಾತಿಯ ಎರಡು ಹಣ್ಣುಗಳು ತಾಗಿದರೆ ಅವು ಕೂಡಿ, ಮುಂದಿನ ಜಾತಿಯ ದೊಡ್ಡ ಹಣ್ಣು ಹುಟ್ಟುತ್ತದೆ. ಚೆರಿಯಿಂದ ಸ್ಟ್ರಾಬೆರಿ, ಅದರಿಂದ ದ್ರಾಕ್ಷಿ, ಹೀಗೆ 11 ಮೆಟ್ಟಿಲುಗಳನ್ನೇರಿದರೆ ಕಲ್ಲಂಗಡಿ. ಹಣ್ಣುಗಳಿಗೆಲ್ಲ ಪುಟ್ಟ ಮಕ್ಕಳಂತೆ ಕಣ್ಣು, ಬಾಯಿ, ಮುಗ್ಧವಾದ ಮುಖ. ಅವು ಉರುಳುತ್ತವೆ, ಒಂದನ್ನೊಂದು ತಳ್ಳುತ್ತವೆ, ಎಣಿಸದ ಕಡೆಗೆ ಜಾರುತ್ತವೆ. ಪೆಟ್ಟಿಗೆ ತುಂಬಿ ಹಣ್ಣು ಹೊರಚೆಲ್ಲಿದರೆ ಆಟ ಮುಗಿಯಿತು.

ಈ ಆಟದ ಮೇಲೆ ದೋಷವನ್ನು ಹೊರಿಸಲು ಹೊರಟವನು ಮೊದಲು ನ್ಯಾಯವನ್ನು ಪಾಲಿಸಬೇಕು. ಇಲ್ಲಿ ಕೊಲ್ಲುವ ಚಿತ್ರವಿಲ್ಲ, ಗೆಲ್ಲಬೇಕಾದ ಶತ್ರುವಿಲ್ಲ. ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿಯಾದರೂ ಕೊಲ್ಲುವ ಸಂಕಲ್ಪವೇ ಭವಭವಗಳ ದುಃಖಕ್ಕೆ ಕಾರಣವಾಯಿತೆಂಬುದನ್ನು ಶ್ರಾವಕರೆಲ್ಲರೂ ಬಲ್ಲರು. ಆ ಅಳತೆಗೋಲಿನಿಂದ ಅಳೆದರೂ ಈ ಆಟದಲ್ಲಿ ಹಿಂಸೆಯ ಸಂಕಲ್ಪ ಕಾಣದು. ಹಣ್ಣುಗಳು ಸೀಳಲ್ಪಡುವುದಿಲ್ಲ, ಕೂಡುತ್ತವೆ. ದಿನವೆಲ್ಲ ದುಡಿದು ದಣಿದವನಿಗೆ ಇದು ವಿಶ್ರಾಂತಿಯನ್ನೂ ಕೊಡಬಹುದು. ಹಾಗಿರುವಾಗ ಚಿಂತೆಗೆ ಕಾರಣವೇನು?

ಕಾರಣವು ಆಟದ ರಚನೆಯಲ್ಲಿಯೇ ಇದೆ. ಆಟಗಾರನ ಕೈಗೆ ಬರುವುದು ಮೊದಲ ಐದು ಜಾತಿಯ ಹಣ್ಣುಗಳು ಮಾತ್ರ. ಉಳಿದುವನ್ನು ಅವನೇ ಕೂಡಿಸಿ ಪಡೆಯಬೇಕು. ಐದನೆಯದಾದ ಪರ್ಸಿಮನ್ ಹಣ್ಣಿನಿಂದಲೇ ಲೆಕ್ಕ ಹಾಕಿದರೂ ಒಂದು ಕಲ್ಲಂಗಡಿಗೆ ಅಂಥವು 64 ಬೇಕು. ಚೆರಿಗಳಿಂದಲೇ ಕಟ್ಟುವುದಾದರೆ 1024. ಪ್ರತಿಯೊಂದು ಹೆಜ್ಜೆಯಲ್ಲಿಯೂ ಮುಂದಿನ ಫಲವು ಕೈಗೆಟಕುವಷ್ಟು ಸಮೀಪದಲ್ಲಿರುತ್ತದೆ. ಪಡೆದ ಕೂಡಲೇ ಅದು ಮತ್ತೊಂದರ ಅರ್ಧಭಾಗ ಮಾತ್ರವಾಗುತ್ತದೆ. ಇನ್ನು ಎಲ್ಲಕ್ಕಿಂತ ದೊಡ್ಡದಾದ ಕಲ್ಲಂಗಡಿಗಳೆರಡು ಕೂಡಿದರೆ ಏನಾಗುತ್ತದೆ? ಮತ್ತೊಂದು ಹಣ್ಣು ಹುಟ್ಟುವುದಿಲ್ಲ, ಎರಡೂ ಮಾಯವಾಗುತ್ತವೆ. ತೆರವಾದ ಜಾಗದಲ್ಲಿ ಮತ್ತೆ ಚೆರಿಗಳು ಬೀಳತೊಡಗುತ್ತವೆ.

ಆದುದರಿಂದ ಈ ಆಟಕ್ಕೆ ಗೆಲುವಿನ ಮುಕ್ತಾಯವೆಂಬುದೇ ಇಲ್ಲ. ಎಷ್ಟೇ ಜಾಣ್ಮೆಯಿಂದ ಆಡಿದರೂ ಕೊನೆ ಬರುವುದು ಸೋಲಿನಿಂದಲೇ. ಹಸಿದವನು ಉಂಡಾಗ ಹೊಟ್ಟೆ ತುಂಬುತ್ತದೆ, ಶರೀರವೇ ಸಾಕೆನ್ನುತ್ತದೆ. ಈ ಆಟದಲ್ಲಿ ತುಂಬುವುದು ಪೆಟ್ಟಿಗೆಯೇ ಹೊರತು ಮನಸ್ಸಲ್ಲ. ಸಾಕೆನ್ನುವ ಧ್ವನಿ ಒಳಗಿನಿಂದ ಬರುವುದಿಲ್ಲ. ಬರುವುದು ‘ಇನ್ನೊಂದೇ ಆಟ’ ಎಂಬ ಮಾತು.

ಆಟವು ಏಕಾಗ್ರತೆಯನ್ನು ಬೆಳೆಸುತ್ತದೆಂದು ಕೆಲವರು ಸಮರ್ಥಿಸುತ್ತಾರೆ. ಏಕಾಗ್ರತೆ ಇರುವುದು ನಿಜ. ಆದರೆ ಏಕಾಗ್ರವಾದುದೆಲ್ಲವೂ ಶುಭವಲ್ಲ. ‘ತತ್ತ್ವಾರ್ಥಸೂತ್ರ’ವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ನಾಲ್ಕಾಗಿ ವಿಂಗಡಿಸಿ, ಕೊನೆಯ ಎರಡನ್ನು ಮಾತ್ರ ಮೋಕ್ಷಕ್ಕೆ ಹೇತುವೆನ್ನುತ್ತದೆ. ಬೇಡದುದು ಬಂದಿತೆಂಬ ಕೊರಗು, ಬೇಕಾದುದು ಅಗಲಿತೆಂಬ ಕೊರಗು, ಮುಂದೆ ದೊರೆಯಲೆಂಬ ಹಂಬಲ ಇವು ಆರ್ತಧ್ಯಾನದ ಲಕ್ಷಣಗಳು. ಇನ್ನೊಂದು ಸೇಬಿಗಾಗಿ ಕಾದಿರುವ ಸೇಬಿನ ಮೇಲೆ ಬೇಡದ ದ್ರಾಕ್ಷಿ ಬಂದು ಕುಳಿತಾಗ, ಕೂಡಬೇಕಾದ ಜೋಡಿಯು ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿದಾಗ, ಸೋತ ಬಳಿಕ ಮುಂದಿನ ಆಟದ ಮೇಲೆ ಆಸೆ ಹೊರಳಿದಾಗ, ಈ ಮೂರೂ ಕ್ರಮವಾಗಿ ಮನಸ್ಸಿನಲ್ಲಿ ಹಾದುಹೋಗುತ್ತವೆ. ವಸ್ತು ಕ್ಷುಲ್ಲಕವಾಗಿರಬಹುದು, ಅಭ್ಯಾಸ ಕ್ಷುಲ್ಲಕವಲ್ಲ. ಆಟಿಕೆಯ ಹಣ್ಣಿಗಾಗಿ ದಿನವೂ ಹಂಬಲಿಸಿ ಪಳಗಿದ ಮನಸ್ಸು ನಿಜವಾದ ಲಾಭ ನಷ್ಟಗಳ ಮುಂದೆ ಸಮತೆಯನ್ನು ಎಲ್ಲಿಂದ ತರಬೇಕು?

ಹಾಗೆಂದು ಎಲ್ಲರೂ ಆಟವನ್ನು ಸರ್ವಥಾ ತ್ಯಜಿಸಬೇಕೆಂದು ವಿಧಿಸುವುದು ವಿವೇಕವಾಗದು. ಭೋಗೋಪಭೋಗಗಳ ಪರಿಮಿತಿಯನ್ನು ಹೇಳುವಾಗ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎರಡು ದಾರಿಗಳನ್ನು ತೋರಿದ್ದಾರೆ. ಜೀವನಪರ್ಯಂತ ಬಿಡುವುದು ಯಮ. ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮ. ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಅವರವರ ಶಕ್ತಿಗೆ ತಕ್ಕಂತೆ. ಅಷ್ಟಮಿ ಚತುರ್ದಶಿಗಳಲ್ಲಿ ಯಂತ್ರವನ್ನು ಮುಟ್ಟದಿರುವುದೂ, ಉಳಿದ ದಿನಗಳಲ್ಲಿ ಅರ್ಧ ಗಂಟೆಯನ್ನು ಮೀರದಿರುವುದೂ ನಿಯಮವೇ. ಒಂದು ಎಚ್ಚರ ಮಾತ್ರ ಅವಶ್ಯ: ನಿಯಮವನ್ನು ಆಡುವುದಕ್ಕೆ ಮೊದಲೇ ತೊಡಬೇಕು. ಈಗತಾನೇ ಸೋತವನು ನಿಲ್ಲಿಸುವ ವಿಷಯದಲ್ಲಿ ತನಗೆ ತಾನೇ ನ್ಯಾಯಾಧೀಶನಾಗಲಾರನು.

ಹೀಗೆ ನಿಲ್ಲಿಸುವವನು ಅತೃಪ್ತನಾಗಿಯೇ ಏಳಬೇಕಾಗುತ್ತದೆಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಅದರಲ್ಲಿಯೇ ಸಾಧನೆಯೂ ಇದೆ. ಬಾಹ್ಯ ತಪಸ್ಸುಗಳಲ್ಲಿ ಅನಶನದ ಬಳಿಕ ಬರುವುದು ಅವಮೌದರ್ಯ. ಪುರುಷನ ಪೂರ್ಣಾಹಾರಕ್ಕೆ 32 ತುತ್ತುಗಳೆಂದು ಎಣಿಸಿ, ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅದು ತಪಸ್ಸೆಂದು ಹಿರಿಯರು ಹೇಳಿದ್ದಾರೆ. ಉಪವಾಸದಲ್ಲಿ ಅನ್ನವು ದೂರದಲ್ಲಿರುತ್ತದೆ. ಅವಮೌದರ್ಯದಲ್ಲಿ ಅದು ಎಲೆಯ ಮೇಲೆಯೇ ಇರುತ್ತದೆ, ನಾಲಗೆಗೆ ರುಚಿ ಹತ್ತಿರುತ್ತದೆ, ಆಗ ಕೈ ಹಿಂದೆಗೆಯಬೇಕು.

ಈ ಆಟದಲ್ಲಿ ಕಾಲದ ಒತ್ತಡವಿಲ್ಲ. ಆಟಗಾರನು ಬಿಡುವವರೆಗೂ ಹಣ್ಣು ಮೇಲೆಯೇ ನಿಂತಿರುತ್ತದೆ. ಆಟವು ಕಾಯಬಲ್ಲದು, ಕಾಯಲಾರದವನು ಆಡುವವನೇ. ಗೊತ್ತುಪಡಿಸಿದ ಹೊತ್ತು ಬಂದಾಗ ಪೆಟ್ಟಿಗೆ ಅರ್ಧ ತುಂಬಿರುವಂತೆಯೇ, ಕೂಡಲಿರುವ ಜೋಡಿಯು ಕಣ್ಣೆದುರಿಗಿರುವಂತೆಯೇ ಯಂತ್ರವನ್ನು ಕೆಳಗಿಡಬಲ್ಲವನಿಗೆ ಆ ಆಟದಿಂದ ಕೇಡಿಲ್ಲ. ಇಡಲಾರದವನು ತಾನು ಆಡುತ್ತಿಲ್ಲವೆಂಬುದನ್ನು ಅರಿತು, ಕೆಲವು ಕಾಲ ಅದನ್ನು ಪೂರ್ಣವಾಗಿ ಬಿಟ್ಟಿರುವುದು ಶ್ರೇಯಸ್ಕರ.