ಹಾಸ್ಟೆಲಿನ ಚಾಪೆ ಯಾರ ಪಾಲು?

ಪರಸ್ಥಳಕ್ಕೆ ಹೋದವರು ರಾತ್ರಿ ಎಲ್ಲಿ ಮಲಗಬೇಕು? ದುಡ್ಡಿದ್ದವರಿಗೆ ಇದು ಪ್ರಶ್ನೆಯೇ ಅಲ್ಲ, ಅವರಿಗೆ ಲಾಡ್ಜಿದೆ. ಮೇಲಿನ ಜಾತಿಯವರಿಗೂ ಬಹಳ ಕಾಲ ಇದು ಪ್ರಶ್ನೆಯಾಗಿರಲಿಲ್ಲ. ಅವರಿಗೆ ಮಠವಿತ್ತು, ಛತ್ರವಿತ್ತು, ಬೀಗರ ಮನೆಯ ಪಡಸಾಲೆಯಿತ್ತು. ದುಡ್ಡೂ ಇಲ್ಲದ, ಆ ಜಾತಿಯೂ ಅಲ್ಲದ ನಮಗೆ ಏನಿತ್ತು? ಬಸ್‌ಸ್ಟ್ಯಾಂಡಿನ ಕಟ್ಟೆ. ಆಮೇಲೆ ಹಾಸ್ಟೆಲು ಬಂತು.

ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿಂದ ಪರೀಕ್ಷೆಗೋ, ಇಂಟರ್‌ವ್ಯೂಗೋ, ಸಂಘಟನೆಯ ಸಭೆಗೋ ಹೊರಟ ಹುಡುಗನಿಗೆ ತಾಯಿ ಕೇಳುವುದು ಒಂದೇ ಮಾತು: "ರಾತ್ರಿ ಎಲ್ಲಿ ಇರ್ತಿ ತಮ್ಮಾ?" ಅವನ ಉತ್ತರವೂ ಒಂದೇ: "ಹಾಸ್ಟೆಲಿನ್ಯಾಗ ನಮ್ಮ ಹುಡುಗೂರು ಅದಾರಬೇ." ಅಷ್ಟು ಕೇಳಿದರೆ ಆಕೆಗೆ ನಿದ್ದೆ ಬರುತ್ತದೆ. ಈ ಭರವಸೆ ಪುಕ್ಕಟೆ ಸಿಕ್ಕದ್ದಲ್ಲ.

1917ರಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರಿಗೆ ಆ ಊರಲ್ಲಿ ಮಲಗಲು ಜಾಗ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಹೊರಗೆ ಹಾಕಿದರು. ಪದವಿ ಇತ್ತು, ಸಂಬಳವಿತ್ತು, ಬಾಡಿಗೆಯನ್ನೂ ಕೊಡುತ್ತಿದ್ದರು. ಸ್ವಂತ ಹೆಸರಿನಲ್ಲಿ ಮಲಗುವ ಅಧಿಕಾರವೊಂದು ಇರಲಿಲ್ಲ.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಮಹಾಡದ ಕೆರೆಯ ಹೋರಾಟಕ್ಕೆ ಆಧಾರವಾದ ಠರಾವೆಂದು ಅದನ್ನು ನಾವು ನೆನೆಯುತ್ತೇವೆ. ಆದರೆ ಅದರಲ್ಲಿ ಬರೀ ಕೆರೆ ಬಾವಿ ಇರಲಿಲ್ಲ, ಸಾರ್ವಜನಿಕ ಹಣದ ಧರ್ಮಶಾಲೆಗಳೂ ಇದ್ದವು. ನೀರಿನಷ್ಟೇ ಮುಖ್ಯ ರಾತ್ರಿಯ ನೆರಳು. ನಮ್ಮ ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಾಬಾಸಾಹೇಬರು 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ಧಾರವಾಡದ್ದೂ ಒಂದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲು, ಧರ್ಮಶಾಲೆ, ಮುಸಾಫಿರಖಾನೆಗಳನ್ನು ಹೆಸರು ಹಿಡಿದು ಹೇಳಿತು. ಎಪ್ಪತ್ತರ, ಎಂಬತ್ತರ ದಶಕದಲ್ಲಿ ದಲಿತ ಚಳವಳಿ ಊರೂರಿಗೆ ಹೋದಾಗ ಅದರ ಕಾರ್ಯಕರ್ತರು ಮೈ ಚಾಚಿದ್ದು ಹಾಸ್ಟೆಲಿನ ನೆಲದ ಮೇಲೆಯೇ.

ಹಾಗಾದರೆ ಹಾಸ್ಟೆಲಿನಲ್ಲಿ ಉಳಿಯುವುದು ನಮ್ಮ ಹಕ್ಕು. ಹೌದು. ಆದರೆ ಮಿತ್ರರೇ, ಇಲ್ಲಿ ಒಂದು ಕಠಿಣ ಪ್ರಶ್ನೆ ಇದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಊಟದ ಹಣ ಬರುವುದು ಮಕ್ಕಳ ತಲೆ ಎಣಿಸಿ. ಆ ಲೆಕ್ಕದಲ್ಲಿ ನಾನೂ ಇಲ್ಲ, ನೀವೂ ಇಲ್ಲ. ನಾಲ್ಕು ಮಂದಿ ಹೆಚ್ಚಿಗೆ ಪಂಕ್ತಿಗೆ ಕೂತರೆ ಅಕ್ಕಿ ಹೆಚ್ಚಾಗುವುದಿಲ್ಲ, ಸಾರಿಗೆ ನೀರು ಬೀಳುತ್ತದೆ. ಆ ನೀರು ಯಾರ ತಾಟಿಗೆ ಬಿತ್ತು?

"ಅದು ನಮ್ಮ ಸಮಾಜದ ಹಾಸ್ಟೆಲು, ನಮ್ಮ ಹಕ್ಕು" ಎನ್ನುವವರಿದ್ದಾರೆ. ನಮ್ಮ ಹಕ್ಕು ಇರುವುದು ಸರಕಾರದ ಮೇಲೆ. ಏಳನೇತ್ತಾ ಓದುವ ಹುಡುಗನ ತುತ್ತಿನ ಮೇಲೆ ಅಲ್ಲ. "ನಾನು ಇವರ ಸಲುವಾಗೇ ಓಡಾಡಾವ, ಒಂದು ಹೊತ್ತು ಉಂಡ್ರ ಏನಾತು?" ಎನ್ನುವವರೂ ಇದ್ದಾರೆ. ಇದು ಅಪಾಯದ ಮಾತು. ನಿಮ್ಮ ಒಳ್ಳೇದಕ್ಕೇ ನಾನು ಉಣ್ಣುತ್ತೇನೆ ಎಂದು ಸಾವಿರಾರು ವರ್ಷ ಹೇಳಿದವರು ಯಾರು? ಆ ಪೂಜಾರಿಯ ಮಾತನ್ನು ಕೆಂಪು ಅಂಗಿ ತೊಟ್ಟೋ ನೀಲಿ ಶಾಲು ಹೊದ್ದೋ ಆಡಿದರೆ ಅದು ಕ್ರಾಂತಿಯಾಗುವುದಿಲ್ಲ.

ಹಾಗಂತ ಹಾಸ್ಟೆಲಿನ ಬಾಗಿಲು ತುಳಿಯಲೇಬಾರದೇ? ಸಣ್ಣ ಮಕ್ಕಳು ಇರುವಲ್ಲಿ ಹೊರಗಿನವರು ಮಲಗಬಾರದೆಂಬ ನಿಯಮ ಸರಿಯೇ ಇದೆ, ಅದನ್ನು ಪಾಲಿಸೋಣ. ಕಾಲೇಜು ಹುಡುಗರ ಹಾಸ್ಟೆಲಿನಲ್ಲಿ ವಾರ್ಡನ್ನರು ಒಪ್ಪಿದರೆ ಉಳಿಯೋಣ. ಕದ್ದು ಹೋಗುವುದು ಬೇಡ. ಬರೋಡಾದಲ್ಲಿ ಬೇರೆಯವರ ಹೆಸರು ಬರೆಸಬೇಕಾಯಿತು. ನಾವು ಪುಸ್ತಕದಲ್ಲಿ ನಮ್ಮ ಹೆಸರು, ನಮ್ಮ ಊರು ದುಂಡಗೆ ಬರೆಯೋಣ. ಬುತ್ತಿ ನಮ್ಮದಿರಲಿ. ಎರಡು ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಹೋದರೆ ಭಾರವೇನಲ್ಲ. ಕಾಟು ಹುಡುಗನದು, ನೆಲ ನಮ್ಮದು.

ಇಷ್ಟಾದರೆ ಯಾರಿಗೂ ನಷ್ಟವಿಲ್ಲ, ಅಷ್ಟೇ. ಲಾಭವಾಗಬೇಕಾದರೆ ಉಂಡ ಮೇಲಿನ ಎರಡು ತಾಸು ಇದೆ. ಮನೆಯಲ್ಲಿ ಓದಿದವರು ಯಾರೂ ಇಲ್ಲದ ಹುಡುಗನಿಗೆ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುವುದು, ಜಾತಿ ಪ್ರಮಾಣಪತ್ರಕ್ಕೆ ಎಲ್ಲಿ ಹೋಗಬೇಕೆಂಬುದು, ಡಿಗ್ರಿ ಆದಮೇಲೆ ಮುಂದೇನು ಎಂಬುದು ಪಠ್ಯದಲ್ಲಿ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವನು ನಾನು. ಅದನ್ನು ಹೇಳಿಕೊಡುವ ಒಬ್ಬರು ಸಿಗುವುದೆಂದರೆ ಏನೆಂದು ನನಗೆ ಗೊತ್ತು. ಬೆಳಗಾದರೆ ನೀರು, ಪಾಯಖಾನೆ, ಅಡಿಗೆಮನೆ ಕಣ್ಣಿಗೆ ಬೀಳುತ್ತವೆ. ಹುಡುಗರು ದೂರು ಕೊಟ್ಟರೆ ಅವರ ಹೆಸರು ಹಿಡಿದು ಹೆದರಿಸಬಹುದು. ನಾಳೆ ಊರು ಬಿಡುವ ನಮ್ಮನ್ನು ಹೆದರಿಸುವವರು ಯಾರು? ಇಲಾಖೆಗೆ ಬರೆಯಬೇಕಾದವರು ನಾವು.

ಇನ್ನೊಂದು ಮಾತು. ಇಲ್ಲಿಯವರೆಗೆ 'ಹುಡುಗ' ಎಂದೇ ಬರೆದೆ, ಯಾಕೆಂದರೆ ಈ ಅನುಕೂಲ ಹುಡುಗರದೇ. ಅದೇ ಪರೀಕ್ಷೆಗೆ ಹೋಗುವ ತಂಗಿ ರಾತ್ರಿ ಎಲ್ಲಿರಬೇಕು? ಹೆಣ್ಣುಮಕ್ಕಳ ಹಾಸ್ಟೆಲು ಕತ್ತಲಾದರೆ ಬೀಗ ಹಾಕುತ್ತದೆ. ಲಾಡ್ಜಿನಲ್ಲಿ ಒಬ್ಬಳೇ ಹೆಣ್ಣನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಬಂದ ಪ್ರವೇಶಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಆಕೆ ಮನೆಯಲ್ಲೇ ಉಳಿಯುತ್ತಾಳೆ. ಪರೀಕ್ಷೆ ಬರೆಯಲು, ಇಂಟರ್‌ವ್ಯೂಗೆ, ದವಾಖಾನೆಗೆ ಬರುವ ಬಡವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಜಿಲ್ಲಾ ಕೇಂದ್ರದಲ್ಲಿ ಸರಕಾರ ರಾತ್ರಿವಸತಿ ಕಟ್ಟಲಿ ಎಂದು ಕೇಳಬೇಕಾಗಿದೆ. ಧರ್ಮಶಾಲೆಯ ಬಾಗಿಲಿಗಾಗಿ ಹಿರಿಯರು ಶಾಸನಸಭೆಯವರೆಗೆ ಹೋದರು. ನಾವು ಜಿಲ್ಲಾಧಿಕಾರಿಯ ಕಚೇರಿಯವರೆಗಾದರೂ ಹೋಗೋಣ.