ಕೂಟಲೇಖಕ್ರಿಯೆಯೂ ಮನೆಯ ಕ್ರಯಪತ್ರವೂ

ಗೃಹಸ್ಥನಾದವನಿಗೆ ಮನೆ ಬೇಕು. ಜಿನಾಗಮವು ಶ್ರಾವಕನಿಗೆ ಮನೆಯನ್ನು ನಿಷೇಧಿಸಿಲ್ಲ. ಮಿತಿಯನ್ನು ಮಾತ್ರ ವಿಧಿಸಿದೆ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದೇ ಕ್ಷೇತ್ರ-ವಾಸ್ತುಗಳನ್ನು, ಎಂದರೆ ಹೊಲವನ್ನೂ ಮನೆಯನ್ನೂ. ಮನೆ ಎಷ್ಟು ದೊಡ್ಡದಿರಬೇಕು ಎಂಬ ವಿಚಾರವನ್ನು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆ ಮನೆ ನಮ್ಮದಾಗುವ ಕಾಗದವನ್ನು ಯಾರಿಂದ, ಹೇಗೆ ಬರೆಸಬೇಕು ಎಂಬ ವಿಚಾರವಾದರೋ ಧರ್ಮದ ಚರ್ಚೆಗೆ ಬಾರದೆ, ಕಚೇರಿಯ ಜಗಲಿಯ ಮೇಲೆಯೇ ಉಳಿದುಬಿಟ್ಟಿದೆ.

ಮನೆಯ ಮಾತುಕತೆ ಮುಗಿದು ಮುಂಗಡ ಕೊಟ್ಟ ದಿನ ಪ್ರತಿಯೊಂದು ಕುಟುಂಬವೂ ಕೇಳುವ ಮೊದಲ ಪ್ರಶ್ನೆ ಒಂದೇ: ಕಡಿಮೆ ಖರ್ಚಿನಲ್ಲಿ ಪತ್ರ ಬರೆದುಕೊಡುವವರು ಯಾರಿದ್ದಾರೆ? ಈ ಪ್ರಶ್ನೆಯಲ್ಲಿ ದೋಷವೇನೂ ಇಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು, ಮೇಲೆ ಸಾಲವನ್ನೂ ಹೊತ್ತು ಮನೆ ಕೊಳ್ಳುವವನು ನೂರು ರೂಪಾಯಿಯನ್ನು ಎಣಿಸಿ ನೋಡುವುದು ವಿವೇಕವೇ ಸರಿ. ಆದರೆ ಕಡಿಮೆ ಹಣಕ್ಕೆ ನಾವು ಕೊಳ್ಳುತ್ತಿರುವುದು ಏನನ್ನು? ಬರೆಯುವ ಶ್ರಮವನ್ನೋ, ಬರೆಯುವವನ ಮೌನವನ್ನೋ? ಈ ಲೇಖನದ ವಿಷಯ ಅಷ್ಟೇ.

ಸತ್ಯಾಣುವ್ರತಕ್ಕೆ ಐದು ಅತಿಚಾರಗಳು. ಮಿಥ್ಯೋಪದೇಶ, ರಹೋಭ್ಯಾಖ್ಯಾನಗಳ ನಂತರ ಬರುವ ಮೂರನೆಯದು ಕೂಟಲೇಖಕ್ರಿಯೆ. ಸುಳ್ಳು ಬರಹವನ್ನು ಸಿದ್ಧಪಡಿಸುವುದು. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಸತ್ಯವ್ರತದ ಅತಿಚಾರವಾಗಿ ಎಣಿಸಿದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಿದ್ದಾರೆ. ಒಬ್ಬನು ಆಡದ ಮಾತನ್ನು ಆಡಿದನೆಂದೂ, ಮಾಡದ ಕಾರ್ಯವನ್ನು ಮಾಡಿದನೆಂದೂ, ಇನ್ನೊಬ್ಬರ ಪ್ರೇರಣೆಯಿಂದ, ವಂಚನೆಗಾಗಿ ಬರೆಯುವುದೇ ಕೂಟಲೇಖಕ್ರಿಯೆ ಎಂಬುದು ಆ ವಿವರಣೆಯ ಸಾರ. ಇಲ್ಲಿ ‘ಇನ್ನೊಬ್ಬರ ಪ್ರೇರಣೆಯಿಂದ’ ಎಂಬ ಮಾತನ್ನು ಗಮನಿಸಬೇಕು. ಲೇಖನಿ ಹಿಡಿದವನ ಹಿಂದೆ ಬರೆಸುವವನೊಬ್ಬನು ನಿಂತಿರುತ್ತಾನೆಂಬುದನ್ನು ಆಚಾರ್ಯರು ಅಂದೇ ಕಂಡಿದ್ದರು.

ನಮ್ಮ ನಾಡಿನಲ್ಲಿ ಕ್ರಯಪತ್ರವನ್ನು ವಕೀಲರು ಬರೆಯುತ್ತಾರೆ, ಇಲ್ಲವೇ ಸರಕಾರದ ಪರವಾನಗಿ ಪಡೆದ ಪತ್ರ ಬರಹಗಾರರು ಬರೆಯುತ್ತಾರೆ. ಪತ್ರದ ಕೊನೆಯಲ್ಲಿ ಸಾಕ್ಷಿಗಳ ರುಜುವಾದ ಮೇಲೆ ‘ಬಿಕ್ಕಲಂ’ ಎಂದು ಬರೆದವರ ಹೆಸರು ಬರುತ್ತದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಕಡ್ಡಾಯ. 1882ರ ಆಸ್ತಿ ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ಹಾಗೆ ವಿಧಿಸಿವೆ. ಆದುದರಿಂದ ಉಪನೋಂದಣಾಧಿಕಾರಿಗಳ ಮೊಹರು ಬಿದ್ದೊಡನೆ ಎಲ್ಲವೂ ಸರಿಯಾಯಿತೆಂಬ ನಂಬಿಕೆ ಜನರಲ್ಲಿ ಬೇರೂರಿದೆ. ಅದು ಪೂರ್ಣ ಸತ್ಯವಲ್ಲ. ಬರೆದುಕೊಟ್ಟವನು ಇವನೇ ಹೌದೇ, ಶುಲ್ಕ ಸಂದಿದೆಯೇ, ಕಾಯಿದೆ ಕೇಳುವ ದಾಖಲೆಗಳು ಲಗತ್ತಾಗಿವೆಯೇ ಎಂಬುದನ್ನು ಕಚೇರಿ ನೋಡುತ್ತದೆ. ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಗೊಳಿಸಿದ 2025ರ ಏಪ್ರಿಲ್ ತಿಂಗಳ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಪಷ್ಟಪಡಿಸಿತು. ಹಾಗಾದರೆ ಹಕ್ಕನ್ನು ವಿಚಾರಿಸುವವರು ಯಾರು? ಕೊಳ್ಳುವವನು ಮತ್ತು ಅವನಿಗಾಗಿ ಪತ್ರ ಬರೆಯುವವನು. ಅವರಿಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಮುಂದೆ ನ್ಯಾಯಾಲಯ ಕೇಳುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಂತರಘಟ್ಟೆಯು ದುರ್ಗಾಂಬೆಯ ಜಾತ್ರೆಯಿಂದಲೂ ಆ ಜಾತ್ರೆಗೆ ಬರುವ ಎತ್ತಿನ ಗಾಡಿಗಳಿಂದಲೂ ಹೆಸರಾದ ಊರು. ಅಲ್ಲೊಂದು ಹಳೆಯ ಹೆಂಚಿನ ಮನೆ ಮಾರಾಟಕ್ಕಿದೆ. ತಂದೆತಾಯಿಗಳು ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಅಣ್ಣತಮ್ಮಂದಿರಿಬ್ಬರು ಮಾರಲು ಒಪ್ಪಿದ್ದಾರೆ. ಮದುವೆಯಾಗಿ ಹೋದ ತಂಗಿ ದೂರದ ಊರಿನಲ್ಲಿದ್ದಾಳೆ. ಕೊಳ್ಳುವವನು ಇಬ್ಬರು ಬರಹಗಾರರನ್ನು ಕಾಣುತ್ತಾನೆ. ಮೊದಲಿನವರು ಮೂರು ಸಾವಿರ ಹೇಳಿ, ಹಳೆಯ ಪತ್ರ ಕೊಟ್ಟರೆ ನಾಳೆಯೇ ಬರೆದುಕೊಡುವೆನೆನ್ನುತ್ತಾರೆ. ಎರಡನೆಯವರು ಒಂಬತ್ತು ಸಾವಿರ ಹೇಳಿ, ವಂಶವೃಕ್ಷ ತನ್ನಿ, ಆ ತಂಗಿಯನ್ನು ಕರೆಸಿ, ಚೆಕ್ಕುಬಂದಿಯನ್ನು ಸ್ಥಳದಲ್ಲಿ ನೋಡಿ ಬರೋಣ ಎನ್ನುತ್ತಾರೆ. ನಮ್ಮಲ್ಲಿ ಬಹುಪಾಲು ಜನ ಎರಡನೆಯವರನ್ನು ದುಬಾರಿಯೆಂದೂ ಕಿರಿಕಿರಿಯವರೆಂದೂ ಬಿಟ್ಟುಬರುತ್ತೇವೆ.

ಆ ತಂಗಿಯ ಸ್ಥಾನವೇನು? ನಮ್ಮ ಜೈನ ಕುಟುಂಬಗಳಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲಿಲ್ಲದೆ ತೀರಿದ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು. ಪಿತ್ರಾರ್ಜಿತದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲಿಯೇ ತಿದ್ದುಪಡಿಯ ಮೂಲಕ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೀಗಿರುವಾಗ, ಈ ಸ್ವತ್ತಿನಲ್ಲಿ ತಮ್ಮ ಹೊರತು ಬೇರೆ ಯಾರಿಗೂ ಹಕ್ಕುಬಾಧ್ಯತೆಗಳಿಲ್ಲ ಎಂಬ ರೂಢಿಯ ವಾಕ್ಯವನ್ನು ಅಣ್ಣತಮ್ಮಂದಿರ ಬಾಯಿಂದ ಬರೆಸಿದರೆ ಅದು ಕೂಟಲೇಖವಲ್ಲದೆ ಮತ್ತೇನು? ಅಣ್ಣತಮ್ಮಂದಿರು ಸುಳ್ಳು ಹೇಳಿದರು, ಬರಹಗಾರರು ಬರೆದರು, ನಾನು ಬರಿಯ ಕೊಂಡವನು ಎಂದು ಕೊಳ್ಳುವವನು ಪಾರಾಗುವಂತಿಲ್ಲ. ತಂಗಿ ಇರುವಳೆಂದು ತಿಳಿದೂ ಕೇಳದಿರುವ ಬರಹಗಾರರನ್ನು ಆರಿಸಿದವನು ಅವನೇ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಆಸ್ರವಿಸುವುದೆಂದು ಬಾಲ್ಯದಿಂದ ಕೇಳಿದವರು ನಾವು.

ಋಣಭಾರ ಪತ್ರ ತೆಗೆಸಿದ್ದೇವೆ, ಅದರಲ್ಲಿ ಏನೂ ಇಲ್ಲ ಎಂಬ ಸಮಾಧಾನವೂ ಇಲ್ಲಿ ನಿಲ್ಲದು. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುತ್ತವೆ. ತಂಗಿಯ ಪಾಲು ಕಾನೂನಿನಿಂದ ಬಂದದ್ದು. ಅದು ಯಾವ ನೋಂದಣಿ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಹಾಗೆಯೇ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯವೇ ಅಸಿಂಧು. ಆ ಜಮೀನಿನ ಮೂಲ ಮಂಜೂರಾತಿಯನ್ನು ಹುಡುಕಿ ಓದಿದವರಿಗಷ್ಟೇ ಇದು ತಿಳಿಯುತ್ತದೆ. ಪತ್ರ ಬರೆಯುವ ಮೇಜಿನ ಮುಂದೆ ಕುಳಿತವರ ಹಿತವನ್ನು ಎಲ್ಲರೂ ಕಾಯುತ್ತಾರೆ. ಅಲ್ಲಿ ಇಲ್ಲದವರ ಹಕ್ಕನ್ನು ನೆನೆಯುವವರೇ ಒಳ್ಳೆಯ ಬರಹಗಾರರು.

ಇನ್ನು ಬೆಲೆಯ ವಿಚಾರ. ಗ್ರಾಮೀಣ ಪ್ರದೇಶದಲ್ಲಿ ಮುದ್ರಾಂಕ ಶುಲ್ಕವು ಉಪಕರಗಳೂ ಸೇರಿ ಸುಮಾರು ಶೇ. 5.65ರಷ್ಟಾಗುತ್ತದೆ, ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. ಈ ದರದಲ್ಲಿ 30 ಲಕ್ಷದ ಮನೆಗೆ ಒಟ್ಟು 2,29,500 ರೂಪಾಯಿ. ಮಾರ್ಗಸೂಚಿ ಬೆಲೆ 20 ಲಕ್ಷವೇ ಇದ್ದರೆ, ಪತ್ರದಲ್ಲಿ ಅಷ್ಟನ್ನೇ ತೋರಿಸಿ 1,53,000ಕ್ಕೆ ಮುಗಿಸಬಹುದೆಂಬ ಸಲಹೆ ಬರುತ್ತದೆ. 76,500 ರೂಪಾಯಿ ಉಳಿಯುತ್ತದೆ. ಈ ಸಲಹೆ ಕೊಟ್ಟವರು ತಮ್ಮ ಕೂಲಿಯನ್ನು ಎಷ್ಟು ಕಡಿಮೆ ಮಾಡಿದರೂ ನಷ್ಟವಿಲ್ಲ. ಅವರನ್ನು ಅಗ್ಗವೆಂದು ನಾವು ಕೊಂಡಾಡುವುದು ಈ ಉಳಿತಾಯಕ್ಕಾಗಿಯೇ. ಆದರೆ ಉಳಿದ ಹತ್ತು ಲಕ್ಷವು ಎಲ್ಲಿಯೂ ಬರೆಯಲಾಗದ ನಗದಾಗಿ ಕೈ ಬದಲಾಯಿಸಬೇಕು. ಸ್ಥಿರಾಸ್ತಿಯ ಕ್ರಯದಲ್ಲಿ 20,000 ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಉಚಿತ ನ್ಯಾಯವನ್ನು ಮೀರಿ ಕೊಡು-ಕೊಳ್ಳುವುದು ಅದರ ಲಕ್ಷಣವೆಂದು ಟೀಕಾಕಾರರು ಹೇಳುವಾಗ, ಈ ಉಳಿತಾಯವು ಅದರ ಹೊರಗೆ ನಿಲ್ಲಲಾರದು.

ಇಷ್ಟಕ್ಕೂ ಒಂದು ಆಕ್ಷೇಪ ಉಳಿಯುತ್ತದೆ. ದುಬಾರಿಯವರೆಲ್ಲ ಪ್ರಾಮಾಣಿಕರೇ? ಒಂಬತ್ತು ಸಾವಿರ ತೆರಲಾರದ ಕುಟುಂಬವು ಏನು ಮಾಡಬೇಕು? ಆಕ್ಷೇಪ ನ್ಯಾಯವಾದುದು. ಹೆಚ್ಚು ಹಣ ಪಡೆದು ಹಳೆಯ ಪತ್ರವನ್ನೇ ನಕಲು ಮಾಡುವವರೂ ಇದ್ದಾರೆ. ಅಲ್ಪಸಂಭಾವನೆಯಲ್ಲಿ ಸಾಲು ಸಾಲನ್ನೂ ಪರಿಶೀಲಿಸುವ ಹಿರಿಯರೂ ಇದ್ದಾರೆ. ಆದುದರಿಂದ ದರದಿಂದ ಗುಣವನ್ನು ಅಳೆಯದೆ, ಅವರು ಕೇಳುವ ಪ್ರಶ್ನೆಗಳಿಂದ ಅಳೆಯುವುದು ಲೇಸು. ಮೂಲಪತ್ರ ಯಾವುದು, ವಾರಸುದಾರರು ಯಾರಾರು, ಸಾಲವಿದೆಯೇ, ದಾವೆ ಇದೆಯೇ, ಸ್ವಾಧೀನ ಯಾರದು ಎಂದು ಕೇಳದವರು ಪುಕ್ಕಟೆಯಾಗಿ ಬರೆದುಕೊಟ್ಟರೂ ದುಬಾರಿಯೇ.

ಖರ್ಚನ್ನು ತಗ್ಗಿಸುವ ಧರ್ಮ್ಯವಾದ ಮಾರ್ಗಗಳಿವೆ. ಓಡಾಟದ ಕೆಲಸವನ್ನು ನಾವೇ ಮಾಡಿ, ಓದುವ ಕೆಲಸಕ್ಕೆ ಮಾತ್ರ ಅವರಿಗೆ ಕೂಲಿ ಕೊಡಬಹುದು. 2004ರ ಏಪ್ರಿಲ್ 1ರಿಂದೀಚಿನ ಋಣಭಾರ ಪತ್ರವು ಕಾವೇರಿ ವ್ಯವಸ್ಥೆಯಲ್ಲಿ ಮನೆಯಿಂದಲೇ ದೊರೆಯುತ್ತದೆ; ಅದಕ್ಕೆ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಜಮೀನಾದರೆ ಪಹಣಿ ಭೂಮಿ ವ್ಯವಸ್ಥೆಯಲ್ಲಿದೆ. ಊರೊಳಗಿನ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆಗಳಿವೆ. ಇವನ್ನೆಲ್ಲ ಒಂದು ಕಡತ ಮಾಡಿಕೊಂಡು ಹೋದರೆ ಬರಹಗಾರರ ಕಾಲವೂ ನಮ್ಮ ಹಣವೂ ಉಳಿಯುತ್ತವೆ. ಸಂಭಾವನೆ ಎಷ್ಟು, ಕಚೇರಿಯ ಶುಲ್ಕ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಮೊದಲೇ ಬರೆಸಿಕೊಳ್ಳಬೇಕು. ‘ಮೇಲಿನ ಖರ್ಚು’ ಎಂಬ ಹೆಸರಿಲ್ಲದ ಬಾಬನ್ನು ಒಪ್ಪಬಾರದು. ಕರಡನ್ನು ಎರಡು ದಿನ ಮೊದಲೇ ತರಿಸಿ, ಮನೆಯ ಹೆಂಗಸರೂ ಮಕ್ಕಳೂ ಕುಳಿತಿರುವಾಗ ಗಟ್ಟಿಯಾಗಿ ಓದಿಸಬೇಕು. ಮಾರುವವರು ಕರೆತಂದ ಬರಹಗಾರರನ್ನೇ ನಾವೂ ನಂಬುವುದಾದರೆ, ಓದಿ ಹೇಳಲು ನಮ್ಮ ಕಡೆಯ ವಕೀಲರೊಬ್ಬರಾದರೂ ಇರಲಿ.

ಇನ್ನೊಂದು ಮಾತು ನಮ್ಮನ್ನೇ ಕುರಿತದ್ದು. ಬರಹಗಾರರ ಕೂಲಿಯನ್ನು ಹಿಂಡಿ ಹಿಂಡಿ ಇಳಿಸಿದರೆ ಅವರು ಬದುಕುವುದು ಹೇಗೆ? ದಿನಕ್ಕೊಂದು ಪತ್ರವನ್ನು ವಿಚಾರಿಸಿ ಬರೆಯುತ್ತಿದ್ದವರು ಹತ್ತನ್ನು ವಿಚಾರಿಸದೆ ಬರೆಯುತ್ತಾರೆ. ಕೊರತೆಯನ್ನು ಬೇರೆ ಕಡೆಯಿಂದ ತುಂಬಿಕೊಳ್ಳುತ್ತಾರೆ. ಆಗ ಅವರ ದೋಷದಲ್ಲಿ ನಮ್ಮ ಚೌಕಾಸಿಯ ಪಾಲೂ ಇರುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವಿಚಾರ ಇನ್ನೂ ಹತ್ತಿರದ್ದು. ಭಕ್ತರೊಬ್ಬರು ಮನೆಯನ್ನೋ ನಿವೇಶನವನ್ನೋ ದಾನ ಕೊಡುವೆನೆಂದಾಗ ಸಂತೋಷದಲ್ಲಿ ಯಾವ ಪ್ರಶ್ನೆಯನ್ನೂ ಕೇಳದೆ ಪತ್ರ ಬರೆಸಿಕೊಳ್ಳುವುದುಂಟು. ದಾನಿಯ ಸೋದರಿಯ ಪಾಲು ಅದರಲ್ಲಿ ಸೇರಿದ್ದರೆ, ಆಕೆಯ ಸ್ವತ್ತನ್ನು ಆಕೆಗೆ ತಿಳಿಯದೆ ಜಿನಪಾದಕ್ಕೆ ಅರ್ಪಿಸಿದಂತಾಗುತ್ತದೆ. ಅದು ದಾನವಲ್ಲ, ಅದತ್ತಾದಾನ. ನಮ್ಮ ಜಿಲ್ಲೆಯ ಮತ್ತಾವರದ ಬಸದಿಯಲ್ಲಿ 1069ರ ಶಾಸನವಿದೆ. ಹೊಯ್ಸಳ ವಿನಯಾದಿತ್ಯನು ಅಲ್ಲಿ ಬಸದಿಯನ್ನು ಕಟ್ಟಿಸಿ, ಅದರ ಬಳಿ ಮನೆಗಳನ್ನು ಮಾಡಿಸಿ, ಯಾವ ಯಾವ ತೆರಿಗೆಗಳನ್ನು ಬಿಟ್ಟನೆಂಬುದನ್ನು ಅದು ಹೆಸರು ಹೆಸರಾಗಿ ಹೇಳುತ್ತದೆ. ಕೊಟ್ಟದ್ದನ್ನು ಊರೆಲ್ಲ ನೋಡುವ ಕಲ್ಲಿನ ಮೇಲೆ ಬರೆಸಿದವರ ಪರಂಪರೆ ನಮ್ಮದು. ಕಲ್ಲಿನ ಮೇಲೆ ಕೆತ್ತಿಸಿ ಬೀದಿಯಲ್ಲಿ ನಿಲ್ಲಿಸಲು ಅಂಜಿಕೆಯಾಗುವ ಯಾವ ಸಾಲೂ ನಮ್ಮ ಕ್ರಯಪತ್ರದಲ್ಲಿಯೂ ದಾನಪತ್ರದಲ್ಲಿಯೂ ಇರಬಾರದು.

ಮತ್ತೆ ಅಂತರಘಟ್ಟೆಯ ಆ ಮನೆಗೆ ಬರೋಣ. ತಂಗಿಯನ್ನು ಕರೆಸಿದರೆ ಏನಾದೀತು? ಆಕೆ ಬಂದು ತನ್ನ ಪಾಲಿನ ಹಣ ಪಡೆದು ರುಜು ಹಾಕಬಹುದು. ಬೆಲೆ ಸಾಲದೆನ್ನಬಹುದು. ತವರಿನ ಮನೆಯನ್ನು ಮಾರಲು ಒಪ್ಪದೆಯೂ ಇರಬಹುದು. ಆಗ ಕೊಳ್ಳುವವನಿಗೆ ಮನೆಯೇ ಕೈತಪ್ಪುತ್ತದೆ. ಸತ್ಯವ್ರತಕ್ಕೆ ತೆರಬೇಕಾದ ಬೆಲೆ ಇದು, ಸಣ್ಣದೇನಲ್ಲ. ಎಲ್ಲ ಸತ್ಯವೂ ಲಾಭದಲ್ಲಿಯೇ ಮುಗಿಯುತ್ತದೆಂದು ಭರವಸೆ ಕೊಡಲಾಗದು. ಆದರೆ ಆಕೆಯನ್ನು ಕೇಳದೆ ಕೊಂಡ ಮನೆಯಲ್ಲಿ ನಿತ್ಯ ಸಾಮಾಯಿಕಕ್ಕೆ ಕುಳಿತಾಗ, ಸರ್ವ ಜೀವಿಗಳಲ್ಲಿಯೂ ಸಮಭಾವವಿರಲೆಂದು ಹೇಳುವ ಬಾಯಿ ಆ ಒಂದು ಹೆಸರಿನ ಬಳಿ ತಡೆಯಬೇಕಾಗುತ್ತದೆ.

ಆದುದರಿಂದ, ಧರ್ಮಬಂಧುಗಳು ಮನೆಯ ಪತ್ರ ಬರೆಸಲು ಹೊರಟಾಗ ಕೈಗೆಟುಕುವ ದರದವರನ್ನು ಅವಶ್ಯವಾಗಿ ಹುಡುಕಲಿ. ಆದರೆ ಬಿಕ್ಕಲಮಿನಲ್ಲಿ ಯಾರ ಹೆಸರು ಬರಬೇಕೆಂದು ನಿರ್ಧರಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಇವರು ನಾನು ಹೇಳಿದ್ದನ್ನೆಲ್ಲ ಬರೆಯುವವರೋ, ಬರೆಯಬಾರದ್ದನ್ನು ಬರೆಯೆನೆಂದು ನನಗೇ ಹೇಳಬಲ್ಲವರೋ? ಎರಡನೆಯವರು ದೊರೆತರೆ, ಅವರು ಕೇಳಿದ ಸಂಭಾವನೆ ನಮ್ಮ ಶಕ್ತಿಯೊಳಗಿದ್ದಲ್ಲಿ ಚೌಕಾಸಿ ಮಾಡದೆ ಕೊಡುವುದು ಉಚಿತ.