ಚೆಂಡಿನ ಹಿಂದಿನ ಉದ್ದೇಶ

ನಮ್ಮ ಕಾಸರಗೋಡಿನ ಕಡೆ ಮಳೆ ಬಿಟ್ಟು ಗದ್ದೆ ಒಣಗಿತೆಂದರೆ ವಾಲಿಬಾಲಿನ ಕಾಲ. ದೀಪ ಕಟ್ಟಿ, ಮೈಕಿನಲ್ಲಿ ಕನ್ನಡ, ಮಲಯಾಳ, ತುಳು ಮೂರನ್ನೂ ಬೆರೆಸಿ ಕೂಗುತ್ತಾ ನಡುರಾತ್ರಿ ಕಳೆಯುವವರೆಗೂ ಪಂದ್ಯ ನಡೆಸುತ್ತಾರೆ. ಆ ಆಟ ಹುಟ್ಟಿದ್ದು ಒಂದು ಕ್ರೈಸ್ತ ಸಂಸ್ಥೆಯಲ್ಲಿ ಎಂದು ಅಲ್ಲಿ ನೆರೆದವರಿಗೆ ಹೇಳಿದರೆ ಹೆಚ್ಚಿನವರು ನಂಬಲಾರರು. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನ ವೈ.ಎಂ.ಸಿ.ಎ.ಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ವಿಲಿಯಂ ಮೋರ್ಗನ್, ಬಾಸ್ಕೆಟ್‌ಬಾಲಿನ ನೂಕಾಟ ತಾಳಲಾರದವರಿಗಾಗಿ ಇದನ್ನು ರೂಪಿಸಿದರು. ಆ ಬಾಸ್ಕೆಟ್‌ಬಾಲೂ ಅದೇ ಬಳಗದ್ದೇ. 1891ರಲ್ಲಿ ಅದನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದವರು. ದೇಹ, ಬುದ್ಧಿ, ಆತ್ಮ ಮೂರೂ ಕೂಡಿ ಬೆಳೆಯಬೇಕೆಂಬುದು ಅವರೆಲ್ಲರ ನಂಬಿಕೆ. ಯುವಕರನ್ನು ಯೇಸುವಿನ ಬಳಿಗೆ ಕರೆತರಲು ಮೈದಾನವೂ ಒಂದು ದಾರಿ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು.

ಒಂದು ಉದ್ದೇಶಕ್ಕಾಗಿ ಮತ್ತೊಂದನ್ನು ಕೊಡುವುದು ಸರಿಯೆ? ಈ ಪ್ರಶ್ನೆ ನನ್ನನ್ನು ಹತ್ತನೆಯ ವಯಸ್ಸಿನಿಂದ ಕಾಡಿದೆ.

ಆಗ ನಮ್ಮೂರಿನ ಇಗರ್ಜಿಯ ಬಯಲಿನಲ್ಲಿ ಎಳೆಯ ವಯಸ್ಸಿನ ಪಾದ್ರಿಗಳೊಬ್ಬರು ನೆಟ್ ಕಟ್ಟಿದ್ದರು. ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ತಾವೂ ಆಡುತ್ತಿದ್ದರು. ಸಂಜೆಯ ಗಂಟೆ ಕೇಳಿದೊಡನೆ ಆಟ ನಿಲ್ಲುತ್ತಿತ್ತು. ಪೊರ್ಬುಗಳ ಮಕ್ಕಳು ಪ್ರಾರ್ಥನೆಗೆ ಒಳಗೆ ಹೋಗುತ್ತಿದ್ದರು, ನಾವೂ ಬ್ಯಾರಿಗಳ ಹುಡುಗರೂ ಮನೆಗೆ. ನಮ್ಮ ತಂದೆಯವರಿಗೆ ಇದು ಹಿಡಿಸಲಿಲ್ಲ. "ಧರ್ಮಕ್ಕೆ ಸಿಗುವ ಚೆಂಡು ಧರ್ಮಕ್ಕಾಗಿಯೇ ಇರುತ್ತದೆ, ನೆನಪಿಟ್ಟುಕೊ" ಎಂದರು. ಆದರೂ ಹೋಗಬೇಡ ಎನ್ನಲಿಲ್ಲ. ಅವರು ಮಾತಿನಲ್ಲಿ ಬಿಗಿ, ಮನಸ್ಸಿನಲ್ಲಿ ಸಡಿಲ.

ಪಾದ್ರಿಗಳು ನಮ್ಮೊಡನೆ ಮತದ ಮಾತು ಎತ್ತಿದ್ದು ನನಗೆ ನೆನಪಿಲ್ಲ. ಮನೆಗೆ ಹೋದವನಿಗೂ ಮರುದಿನ ಚೆಂಡು ಸಿಗುತ್ತಿತ್ತು. ಅದೇ ಮುಖ್ಯವಾದ ಸಂಗತಿ ಎಂದು ಬಹಳ ಕಾಲದ ಮೇಲೆ ನನಗೆ ಹೊಳೆಯಿತು.

ಎಲ್ಲ ಕಡೆಯೂ ಹಾಗೆ ನಡೆದಿಲ್ಲ. 1890ರಲ್ಲಿ ಶ್ರೀನಗರದ ಮಿಶನ್ ಶಾಲೆಗೆ ಬಂದ ಟಿಂಡೇಲ್ ಬಿಸ್ಕೋ ಎಂಬ ಇಂಗ್ಲಿಷ್ ಪಾದ್ರಿ ಮರುವರ್ಷ ಅಲ್ಲಿಗೆ ತೊಗಲಿನ ಫುಟ್‌ಬಾಲ್ ತಂದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪಂಡಿತರ ಮಕ್ಕಳು. ಚರ್ಮವನ್ನು ಮುಟ್ಟಲಾರೆವೆಂದರು. ಬಿಸ್ಕೋ ಬಿಡಲಿಲ್ಲ. ಕೋಲು ಹಿಡಿದ ಅಧ್ಯಾಪಕರನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸಿ ಆಡಿಸಿದರು. ಒಬ್ಬ ಹುಡುಗನ ಮುಖಕ್ಕೇ ಚೆಂಡು ಬಡಿಯಿತು. ಮೈಲಿಗೆಯಾಯಿತೆಂದು ಅವನು ಅತ್ತ. ಕಾಲುವೆಯಲ್ಲಿ ಮುಖ ತೊಳೆಸಿ ತನ್ನಿ ಎಂದರು, ಆಟ ಮತ್ತೆ ಶುರುವಾಯಿತು. ಇದನ್ನೆಲ್ಲ ಅವರೇ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ.

ಓದುಗರಲ್ಲಿ ಕೆಲವರು ಹುಡುಗನ ಪರ ನಿಲ್ಲುವಿರಿ, ಕೆಲವರು ಚೆಂಡಿನ ಪರ. ನನಗೆ ಎರಡೂ ಕಡೆ ನಿಲ್ಲಬೇಕಾಗಿದೆ. ಚರ್ಮ ಮುಟ್ಟಿದರೆ ಕೆಡುತ್ತೇನೆಂಬ ಭಾವನೆ ಚರ್ಮದ ಕೆಲಸ ಮಾಡುವವರನ್ನು ದೂರವಿಟ್ಟ ಭಾವನೆಯೇ ಆಗಿತ್ತು. ಅದು ಒಡೆದದ್ದು ಒಳ್ಳೆಯದೇ. ಆ ಶಾಲೆಯ ಹುಡುಗರು ಮುಂದೆ ನೆರೆಯಲ್ಲಿ ಸಿಕ್ಕಿದವರನ್ನು ದೋಣಿಯಲ್ಲಿ ಹೋಗಿ ಕಾಪಾಡಿದರು, ಕಾಲರಾ ಬಂದಾಗ ಬೀದಿಗಿಳಿದು ದುಡಿದರು. ಮತಾಂತರ ಹೊಂದಿದವರು ಮಾತ್ರ ತೀರಾ ಕಡಿಮೆ. ಬಿಸ್ಕೋಗೂ ಆ ಲೆಕ್ಕದಲ್ಲಿ ಆಸಕ್ತಿಯಿರಲಿಲ್ಲ. ಆದರೂ ಆ ಕೋಲನ್ನು ನನಗೆ ಮರೆಯಲಾಗುವುದಿಲ್ಲ. ಹೊರಗಿನಿಂದ ಬಂದವನೊಬ್ಬ, ಆಳುವವರ ಬಲ ಬೆನ್ನಿಗಿದ್ದವನು, ಮಕ್ಕಳನ್ನು ಅವರ ಒಳಿತಿಗಾಗಿಯೇ ಬೆದರಿಸಿದ. ಒಳಿತಾಯಿತೆಂಬುದರಿಂದ ಬೆದರಿಕೆ ಹಿತವಾಗಲಾರದು.

ಇದಕ್ಕೆ ಎದುರಾಗಿ ಎರಿಕ್ ಲಿಡ್ಡೆಲ್ ನೆನಪಾಗುತ್ತಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತೆಂದು ಓಡಲು ನಿರಾಕರಿಸಿ, 400 ಮೀಟರಿನಲ್ಲಿ ಚಿನ್ನ ಗೆದ್ದವರು. ಮರುವರ್ಷ ಮಿಶನರಿಯಾಗಿ ಚೀನಕ್ಕೆ ಹೋದರು. ಯುದ್ಧಕಾಲದಲ್ಲಿ ಜಪಾನೀಯರು ಅವರನ್ನು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿದ್ದ ಮಕ್ಕಳಿಗೆ ಆಟ ಆಡಿಸುವ ಕೆಲಸ ಅವರದಾಯಿತು, ಆದರೆ ಭಾನುವಾರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಿ, ರೆಫರಿ ಇಲ್ಲದೆ ಹೊಡೆದಾಡಿಕೊಂಡರು. ಅನಂತರ ಲಿಡ್ಡೆಲ್ ಭಾನುವಾರವೂ ಸೀಟಿ ಹಿಡಿದು ನಿಂತರು. ಒಲಿಂಪಿಕ್ಸ್‌ಗಾಗಿ ಮುರಿಯದ ವ್ರತವನ್ನು ಜಗಳವಾಡುವ ಮಕ್ಕಳಿಗಾಗಿ ಮುರಿದರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು. ಇಲ್ಲಿ ಉದ್ದೇಶ ಮಗುವಿಗೆ ದಾರಿ ಬಿಟ್ಟಿತು. ಶ್ರೀನಗರದಲ್ಲಿ ಮಗು ಉದ್ದೇಶಕ್ಕೆ ದಾರಿ ಬಿಡಬೇಕಾಯಿತು.

ಕೊಡುವವನಿಗೆ ಉದ್ದೇಶವಿರುವುದು ತಪ್ಪಲ್ಲ. ಅದನ್ನು ಬಚ್ಚಿಡುವುದು ತಪ್ಪು, ಒಪ್ಪದವನಿಗೆ ಚೆಂಡು ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಹೀಗೆಂದು ನಾನು ತೀರ್ಮಾನಿಸಿಕೊಂಡಿದ್ದೇನೆ. ಪೂರ್ಣ ಸಮಾಧಾನವಿಲ್ಲ. ಬರಿಗಾಲಿನ ಹುಡುಗನಿಗೆ ಒಂದು ಜೊತೆ ಕ್ಯಾನ್ವಾಸ್ ಶೂ ಕೊಟ್ಟರೆ, ಯಾರೂ ಏನೂ ಹೇಳದಿದ್ದರೂ ಅವನ ಮೇಲೆ ಋಣದ ಭಾರ ಬೀಳುತ್ತದೆ. ಒಲ್ಲೆನೆನ್ನುವ ಸ್ವಾತಂತ್ರ್ಯ ಬಡವನ ಮಗನಿಗೆ ಎಷ್ಟಿದೆ?

ಇಷ್ಟನ್ನೂ ಪಾದ್ರಿಗಳ ವಿಷಯವೆಂದು ಬರೆದು ಮುಗಿಸಬಹುದಿತ್ತು. ಆದರೆ ಅವರ ದಾರಿಯನ್ನು ನಾನೂ ಹಿಡಿದವನು. 1980ರ ದಶಕದ ಕೊನೆಯಲ್ಲಿ ನಮ್ಮೂರಿನ ಕನ್ನಡ ವಾಚನಾಲಯಕ್ಕೆ ಹುಡುಗರು ಬರುವುದೇ ನಿಂತಿತ್ತು. ಪತ್ರಿಕೆಗಳು ಮಡಿಕೆ ಬಿಚ್ಚದೆಯೇ ಹಳತಾಗುತ್ತಿದ್ದವು. ನನ್ನ ಸಂಬಳದಲ್ಲಿ ಒಂದು ವಾಲಿಬಾಲ್ ಕೊಂಡೆ. ಅರ್ಧ ಗಂಟೆ ಓದು, ಅನಂತರ ಚೆಂಡು ಎಂದು ನಿಯಮ ಮಾಡಿದೆ. ಹುಡುಗರು ಬಂದರು. ಎರಡು ವರ್ಷದಲ್ಲಿ ಒಳ್ಳೆಯ ತಂಡವೇ ಆಯಿತು. ಗಡಿನಾಡಿನಲ್ಲಿ ಭಾಷೆ ಉಳಿಸುವ ಉಪಾಯ ಇದೆಂದು ಸಭೆಗಳಲ್ಲಿ ಭಾಷಣವನ್ನೂ ಮಾಡಿದೆ.

ನಮ್ಮ ಲಿಫ್ಟರ್ ಚುರುಕಿನ ಹುಡುಗ. ಎಂಟನೆಯ ತರಗತಿಗೆ ಅವನ ತಂದೆ ಅವನನ್ನು ಮಲಯಾಳ ಮಾಧ್ಯಮಕ್ಕೆ ಸೇರಿಸಿದರು. ನಾಳೆ ಕೆಲಸ ಸಿಗಬೇಡವೆ, ಮಾಷ್ಟ್ರೇ, ಎಂಬುದು ಅವರ ವಾದ. ನನಗೆ ಸಿಟ್ಟು ಬಂದಿತ್ತು. ತಂದೆಯ ಮೇಲಿನ ಸಿಟ್ಟನ್ನು ಮಗನ ಮೇಲೆ ತೀರಿಸಿದೆ. ತಂಡ ವಾಚನಾಲಯದ್ದು, ನೀನಿನ್ನು ಬೇಡ ಎಂದೆ. ಅವನು ಸ್ವಲ್ಪ ಹೊತ್ತು ನಿಂತು, "ಹಾಗಾದರೆ ಹೊರಗೆ ಬಿದ್ದ ಚೆಂಡು ಹೆಕ್ಕಿ ಕೊಡಲೇ, ಮಾಷ್ಟ್ರೇ?" ಎಂದು ಕೇಳಿದ. ನಾನು ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎರಡು ದಿನ ಬಂದು ಚೆಂಡು ಹೆಕ್ಕಿದ. ಮೂರನೆಯ ದಿನ ಬರಲಿಲ್ಲ.

ಈಗ ಊರಿನ ಪಂದ್ಯಗಳನ್ನು ನಡೆಸುವವರಲ್ಲಿ ಅವನೂ ಒಬ್ಬ. ಮೈಕಿನಲ್ಲಿ ಅವನ ಕನ್ನಡ ಈಗಲೂ ಶುದ್ಧವಾಗಿದೆ. ಕಳೆದ ಸಲ ನಾನು ಹೋದಾಗ ಕುರ್ಚಿ ತಂದಿಟ್ಟು, "ಕೂತುಕೊಳ್ಳಿ ಮಾಷ್ಟ್ರೇ, ಚಳಿ ಉಂಟು" ಎಂದ. ಆ ಹಳೆಯ ಮಾತನ್ನು ಎತ್ತಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಾ ಬಂತು.